ನಾಲ್ಕು ಗಾಡಿ, ಒಂದು ಕೊಸರು

"ಅಂದ್ರೆ ನಾಲ್ಕು ಸಾಲಲ್ಲ ಅಂತೀರಾ?"

"ಸಾಲಲ್ಲ ಅಂತ ನಾನೆಲ್ಲಿ ಅಂದೆ? ನಾಲ್ಕು ಸಾಕು. ಸಾಕಾಗಿ ಮೇಲೆ ಮಿಕ್ಕೈತೆ. ಆದ್ರೆ ಇದು ಲೆಕ್ಕಕ್ಕೆ ಬರಲ್ಲ ಕಣೇ. ಇದು ಕೊಸರು."

ಸುವರ್ಣಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ಪಾತ್ರೆಯೊಳಗೇ ಬಿಟ್ಟು ಗಂಡನ ಕಡೆ ತಿರುಗಿದಳು. ಕೋಲು ನೆಟ್ಟಗೆ ನಿಂತೇ ಇತ್ತು. ಮುದ್ದೆ ಅಷ್ಟು ಗಟ್ಟಿಯಾಗಿತ್ತು. ಅವಳ ಮುಖವೂ.

"ಕೊಸರಾ?"

"ಕೊಸರೇ. ಇದೇ ಕೊನೆ. ಇದೊಂದು ಬಂತು ಅಂದ್ರೆ, ಮನೆದೇವರಾಣೆ, ಇನ್ನೊಂದು ಗಾಡಿ ಕಡೆ ನಾನು ಕತ್ತೆತ್ತಿ ನೋಡಿದ್ರೆ ಕೇಳು."

ತೆಂಗಿನ ಸೀಮೆಯ ಲೆಕ್ಕವೇ ಬೇರೆ. ಇಲ್ಲಿ ಕಾಯಿ ಎಣಿಸುವವರು ಮೊದಲ ಕಾಯಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು. ನೂರು ತುಂಬಿತೆಂದರೆ ಕೊಳ್ಳುವವನ ಗುಡ್ಡೆಗೆ ಮೇಲೆ ಒಂದೆರಡು ಕಾಯಿ ಎಸೆಯುತ್ತಾರೆ. ಅದು ಕೊಸರು. ಕೊಸರನ್ನು ಯಾರೂ ಎಣಿಸುವುದಿಲ್ಲ, ಯಾರೂ ಅದರ ಬೆಲೆ ಕೇಳುವುದಿಲ್ಲ. ನೊಣವಿನಕೆರೆಯಿಂದ ಎರಡು ಕಿಲೋಮೀಟರು ಒಳಗಿನ ತೋಟದ ಮನೆಯಲ್ಲಿ ಐವತ್ತನಾಲ್ಕು ವರ್ಷ ಕಾಯಿ ಎಣಿಸುತ್ತಲೇ ಬಾಳಿದ ಹಾಲಸ್ವಾಮಿಗೆ, ಒಬ್ಬ ಮನುಷ್ಯ ಎಷ್ಟು ಮೋಟರ್ ಸೈಕಲ್ ಇಟ್ಟುಕೊಳ್ಳಬಹುದು ಎಂಬ ಮಹಾಪ್ರಶ್ನೆಗೆ ಇದಕ್ಕಿಂತ ಪವಿತ್ರವಾದ ಉತ್ತರ ಹೊಳೆದಿರಲಿಲ್ಲ. ಮೂರು ದಿನ ತೋಟದಲ್ಲಿ ಒಬ್ಬನೇ ತಿರುಗಿ ಕಂಡುಹಿಡಿದ ಉತ್ತರ ಅದು.

ಸುವರ್ಣಮ್ಮ ಅದನ್ನು ಮೂರೇ ಮಾತಿನಲ್ಲಿ ಒಡೆದು ಹೋಳು ಮಾಡಿದಳು.

"ಕೊಸರು ಕೊಡೋದು ನೂರಕ್ಕೆ ಕಣ್ರೀ. ನಿಮ್ಮತ್ರ ಇರೋದು ನಾಲ್ಕು. ಇನ್ನೂ ತೊಂಬತ್ತಾರು ತಂದು ನಿಲ್ಸಿ, ಆಮೇಲೆ ಕೊಸರಿನ ಮಾತಾಡನ."

ತಟ್ಟೆಯ ಮುಂದೆ ಕೂತಿದ್ದ ಮಗಳು ಜೀವಿತಾಗೆ ಸಾರು ನೆತ್ತಿಗೆ ಹತ್ತಿತು. ಅವಳು ತಿಪಟೂರಿನಲ್ಲಿ ಡಿಗ್ರಿ ಎರಡನೇ ವರ್ಷ. ಕೆಮ್ಮುತ್ತಲೇ ಎಡಗೈಯಲ್ಲಿ ಫೋನು ಎತ್ತಿಕೊಂಡಳು. "ಅಮ್ಮ, ಪ್ಲೀಸ್, ಇನ್ನೊಂದ್ಸಲ ಹೇಳು. ಸ್ಟೇಟಸ್‌ಗೆ ಹಾಕ್ಬೇಕು."

ನಾಲ್ಕು ಎಂದರೆ ಯಾವ ನಾಲ್ಕು ಅನ್ನುವುದನ್ನೂ ಹೇಳಬೇಕು. ಹಾಲಸ್ವಾಮಿ ಅವನ್ನು ಗಾಡಿಗಳು ಎಂದು ಕರೆಯುತ್ತಿದ್ದ. ಸುವರ್ಣಮ್ಮ ಒಂದೊಂದಕ್ಕೂ ನಾಮಕರಣ ಮಾಡಿದ್ದಳು. ಮೊದಲನೆಯದು ಮೊಪೆಡ್ಡು, ತೋಟದಿಂದ ಕಾಯಿ ಹೊರುವುದು. ಮನೆಯಲ್ಲಿ ದುಡಿಯುವುದು ಅದೊಂದೇ ಆದ್ದರಿಂದ ಅದರ ಹೆಸರು ಲಾಭ. ಎರಡನೆಯದು ಗುಡುಗು. ಅದನ್ನು ಒದ್ದು ಎಬ್ಬಿಸಿದರೆ ಕೊಟ್ಟಿಗೆಯ ಹಸು ಆ ಹೊತ್ತಿನ ಹಾಲು ಬಿಡುವುದಿಲ್ಲ. ಮೂರನೆಯದು ಬಾಮೈದ: ಸುವರ್ಣಮ್ಮನ ತಮ್ಮ ಯೋಗೀಶ್ ಹದಿನೈದು ವರ್ಷದ ಹಿಂದೆ "ಎರಡು ದಿನ ಇರ್ಲಿ ಭಾವ" ಎಂದು ಬಿಟ್ಟುಹೋದದ್ದು. ನಾಲ್ಕನೆಯದರ ಹೆಸರು ಕೋಳಿಗೂಡು. ಅದಕ್ಕೆ ಸೀಟು ಇರಲಿಲ್ಲ. ಸೀಟಿದ್ದ ಜಾಗದಲ್ಲಿ ಹುಲ್ಲು ಹಾಸಿಕೊಂಡು ಒಂದು ಕೆಂಪು ಹೇಟೆ ಕಾವು ಕೂತಿತ್ತು. ಹಾಲಸ್ವಾಮಿ ದಿನಾ ಬೆಳಿಗ್ಗೆ ಅದರ ಹ್ಯಾಂಡಲ್ ಒರೆಸುವಾಗ ಕೋಳಿ ಅವನ ಕೈ ಕುಕ್ಕುತ್ತಿತ್ತು. ಇಬ್ಬರಿಗೂ ಅಭ್ಯಾಸವಾಗಿತ್ತು.

ಈ ನಾಲ್ಕೂ ನಿಲ್ಲುತ್ತಿದ್ದದ್ದು ಕೊಬ್ಬರಿ ಅಟ್ಟದ ಕೆಳಗೆ. ಮೇಲೆ ಕಾಯಿ, ಕೆಳಗೆ ಗಾಡಿ. ಏರಿಸಿದ ಕಾಯಿ ಹನ್ನೊಂದು ತಿಂಗಳು ಯಾರ ಕೈಯೂ ಸೋಕದೆ ಅಟ್ಟದ ಮೇಲೆ ಮಲಗಿ, ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಎತ್ತಿ ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಹಾಲಸ್ವಾಮಿಯ ಎದೆಯೊಳಗೂ ಒಂದು ಕಾಯಿ ಹಾಗೆಯೇ ಒಣಗುತ್ತಿತ್ತು. ಹನ್ನೊಂದು ತಿಂಗಳಲ್ಲ, ಇಪ್ಪತ್ತೆರಡು ವರ್ಷ.

ಅದು ಒಂದು ಎಜ್ಡಿ. ಕಡುಗೆಂಪು ಬಣ್ಣ, ಜೋಡಿ ಸೈಲೆನ್ಸರು. ಅವನ ಮೊದಲ ಗಾಡಿ. ಮದುವೆಯಾದ ಹೊಸತರಲ್ಲಿ ಸುವರ್ಣಮ್ಮನನ್ನು ಹಿಂದೆ ಕೂರಿಸಿಕೊಂಡು ತುರುವೇಕೆರೆಗೆ ಹೋಗಿದ್ದ ಗಾಡಿ. ದಾರಿಯಲ್ಲಿ ಅವಳ ಎಡಗಾಲಿನ ಚಪ್ಪಲಿ ಜಾರಿ ಬಿದ್ದರೂ, ಎಂಜಿನ್ ಚೆನ್ನಾಗಿ ಎಳೆಯುತ್ತಿದೆ ಎಂದು ಅವನು ನಿಲ್ಲಿಸಿರಲಿಲ್ಲ. ತೋಟ ಫಲಕ್ಕೆ ಬಂದ ವರ್ಷ ಕೊಬ್ಬರಿ ಅಟ್ಟ ಕಟ್ಟಬೇಕಾಯಿತು, ತೊಲೆ ಕೊಳ್ಳಬೇಕಾಯಿತು, ಎಜ್ಡಿ ಹೋಯಿತು. ಕೊಂಡವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಮಾರಿ ಜಾಡೇ ತಪ್ಪಿತು. ಅಂದಿನಿಂದ ಹಾಲಸ್ವಾಮಿ ಅಟ್ಟದ ಕೆಳಗೆ ನಿಂತು ಮೇಲೆ ನೋಡಿದಾಗಲೆಲ್ಲ ಅವನಿಗೆ ಕಂಡದ್ದು ಮರವಲ್ಲ. ಈ ತೊಲೆ ಮುಂದಿನ ಚಕ್ರ, ಆ ತೊಲೆ ಹಿಂದಿನ ಚಕ್ರ, ನಡುವಿನ ಕಂಬ ಟ್ಯಾಂಕು. ಆಮೇಲೆ ಬಂದ ನಾಲ್ಕು ಗಾಡಿಗಳೂ, ನಿಜ ಹೇಳಬೇಕೆಂದರೆ, ಆ ಒಂದರ ಜಾಗ ತುಂಬಲು ಬಂದು ತುಂಬಲಾರದೆ ಉಳಿದುಕೊಂಡವು.

ಹೀಗಿರುವಾಗ ಹೋದ ಸೋಮವಾರ ತಿಪಟೂರಿನಿಂದ ಮೆಕ್ಯಾನಿಕ್ ಮೆಹಬೂಬ್ ಪಾಷಾ ಫೋನು ಮಾಡಿದ್ದ. "ಹಾಲಣ್ಣ, ಕೂತ್ಕೊಂಡಿದೀಯಾ? ನಿಂತಿದ್ರೆ ಕೂತ್ಕೋ. ನಿನ್ ಎಜ್ಡಿ ಸಿಕ್ತು. ಕಂದಿಕೆರೇಲಿ."

"ನಂದೇ ಅಂತ ಹೆಂಗೆ ಹೇಳ್ತೀಯ?"

"ಟೂಲ್ ಬಾಕ್ಸ್ ಮುಚ್ಚಳಕ್ಕೆ ಕರಟದ ಹಿಡಿ ಐತೆ. ಪ್ರಪಂಚದಲ್ಲಿ ಗಾಡಿಗೆ ಕರಟ ಹಾಕಿರೋ ಹುಚ್ಚ ನೀನೊಬ್ಬನೇ."

ಆ ಹಿಡಿಯನ್ನು ಹಾಲಸ್ವಾಮಿ ಎರಡು ದಿನ ಕೂತು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದ್ದ. ಅವನು ಕೂತುಕೊಂಡ.

ಹಾಗಾಗಿ ಕೊಸರಿನ ವಾದ. ವಾದ ಬಿದ್ದುಹೋದ ಮೇಲೆ ಸುವರ್ಣಮ್ಮನ ತೀರ್ಪು ಬಂತು: "ಅಟ್ಟದ ಕೆಳಗೆ ಹಿಡಿಯೋದು ನಾಲ್ಕು. ಐದನೇದು ಬರಬೇಕಾದ್ರೆ ಒಂದು ಹೋಗ್ಲಿ. ಯಾವುದು ಅಂತ ನೀವೇ ಹೇಳಿ."

ನ್ಯಾಯವಾದ ತೀರ್ಪು. ಅದರಲ್ಲೇ ಇದ್ದದ್ದು ತೊಂದರೆ. ಹಾಲಸ್ವಾಮಿ ಎರಡು ದಿನ ಅಟ್ಟದ ಕೆಳಗೆ ನಾಲ್ಕು ಹೆಣ್ಣುಮಕ್ಕಳ ತಂದೆಯಂತೆ ಓಡಾಡಿದ. ಲಾಭವನ್ನು ಕೊಟ್ಟರೆ ಕಾಯಿ ಹೊರುವವರು ಯಾರು? ಗುಡುಗನ್ನು ಕೊಟ್ಟರೆ ತಾನು ಬರುವುದು ಊರಿಗೆ ಹೇಗೆ ಗೊತ್ತಾಗಬೇಕು? ಬಾಮೈದನದು ಪರರ ಸ್ವತ್ತು.

"ಅಪ್ಪ, ಲಾಜಿಕಲ್ ಆಗಿ ಯೋಚ್ನೆ ಮಾಡು. ಯಾವುದು ಓಡಲ್ವೋ ಅದನ್ನ ಕೊಡು," ಎಂದಳು ಜೀವಿತಾ.

"ಓಡಲ್ಲ ಅಂತ ಹೊರಗೆ ಹಾಕೋದಾ? ನಾಳೆ ನಾನೂ ಓಡಲ್ಲ."

ಒಳಗಿನಿಂದ ಸುವರ್ಣಮ್ಮನ ದನಿ ಬಂತು. "ಹೆದ್ರಿಕೋಬೇಡಿ. ನಿಮ್ಮನ್ನ ಯಾರೂ ಕೇಳಿಲ್ಲ ಬುಡಿ."

ಈ ಮಾತು ನಾಟಿತು. ಗಂಡಸಿನ ಬಾಯಲ್ಲಿ ದೊಡ್ಡ ಮಾತು ಬರುವುದು ಇಂಥ ಹೊತ್ತಿನಲ್ಲೇ. ಹಾಲಸ್ವಾಮಿ ಪಡಸಾಲೆಯ ನಡುವೆ ಬಂದು, ಪಂಚೆ ಮೇಲೆತ್ತಿ ಕಟ್ಟಿ, ಸಭೆಯನ್ನು ಉದ್ದೇಶಿಸಿ ಹೇಳಿದ. ಸಭೆಯಲ್ಲಿ ಹೆಂಡತಿ, ಮಗಳು ಮತ್ತು ಬೆಳಗಿನ ಹಾಲು ಡೈರಿಗೆ ಹಾಕಿ ಖಾಲಿ ಕ್ಯಾನು ಹಿಡಿದು ಬಂದಿದ್ದ ಪಕ್ಕದ ಮನೆಯ ಕೆಂಪಕ್ಕ ಇದ್ದರು.

"ಒಂದ್ಯಾಕೆ, ನಾಲ್ಕೂ ಹೋಗ್ಲಿ. ಆ ಎಜ್ಡಿ ಒಂದು ಬಂದ್ರೆ ಈ ನಾಲ್ಕೂ ನಂಗೆ ಕರಟಕ್ಕೆ ಸಮ. ಹೊಸ ಕಾಯಿ ಏರ್ಸೋ ಮುಂಚೆ ಅಟ್ಟ ಗುಡಿಸಿ ಖಾಲಿ ಮಾಡ್ತೀವೋ ಇಲ್ವೋ? ಹಳೇದ್ರ ಮೇಲೆ ಹೊಸದು ಹಾಕಿದ್ರೆ ಎರಡೂ ಕೆಡ್ತವೆ. ಗಾಡಿಗೂ ಅದೇ ಧರ್ಮ. ಶನಿವಾರ ಅಟ್ಟದ ಕೆಳಗೆ ಖಾಲಿ, ಭಾನುವಾರ ಎಜ್ಡಿ."

"ಅಪ್ಪ, ಕ್ಯಾಮೆರಾ ಕಡೆ ನೋಡ್ಕೊಂಡು ಇನ್ನೊಂದ್ಸಲ," ಎಂದಳು ಜೀವಿತಾ. ಅವನು ಇನ್ನೊಂದು ಸಲವೂ ಹೇಳಿದ. ಎರಡನೇ ಸಲ ಕೈಯನ್ನೂ ಬೀಸಿದ.

ಸುವರ್ಣಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಅಟ್ಟ ಖಾಲಿ ಮಾಡೋ ಮುಂಚೆ ಕಾಯಿ ಮರದಿಂದ ಇಳಿದೈತಾ ಅಂತ ನೋಡ್ತಾರೆ ಕಣ್ರೀ."

"ಇಳಿದಂಗೇ ಬುಡು. ಪಾಷಾ ಮಾತಾಡವ್ನೆ."

ಕೆಂಪಕ್ಕ ಮಾತ್ರ ಕ್ಯಾನು ಕೆಳಗಿಟ್ಟು, ಬಹಳ ವಿನಯದಿಂದ ಕೇಳಿದಳು. "ಹಾಲಪ್ಪ, ಹಂಗಾದ್ರೆ ಆ ಮೊಪೆಡ್ಡು ಯಾರಿಗೆ ಅಂತ?"

ಶನಿವಾರ ನಾಲ್ಕೂ ಹೋದವು. ಒಂದು ದಿನಕ್ಕೆ ಇಷ್ಟು ಅಗಲಿಕೆ ಯಾವ ಮನೆಗೂ ಬೇಡ.

ಮೊದಲು ಬಂದವನು ಯೋಗೀಶ್. ಹದಿನೈದು ವರ್ಷ ತನ್ನ ಗಾಡಿ ಎಲ್ಲಿದೆ ಎಂದು ಕೇಳದವನು, ಫೋನಿಟ್ಟ ಮುಕ್ಕಾಲು ಗಂಟೆಗೆ ತುರುವೇಕೆರೆಯಿಂದ ಬಂದಿಳಿದ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ.

"ಭಾವ, ಬಿಟ್ಟುಹೋದಾಗ ಅರ್ಧ ಟ್ಯಾಂಕ್ ಇತ್ತು."

"ಹದಿನೈದು ವರ್ಷ ಒರೆಸಿದೀನಲ್ಲೋ."

"ಅದ್ಸರಿ. ಆದ್ರೂ ಅರ್ಧ ಇತ್ತು."

ಮೊಪೆಡ್ಡಿಗೆ ಕೆಂಪಕ್ಕ ಅರಿಸಿನ ಕುಂಕುಮ ತಂದಿದ್ದಳು. ಬೆಲೆಯ ಮಾತು ಸುವರ್ಣಮ್ಮನ ಜೊತೆ ಹಿತ್ತಿಲಲ್ಲೇ ಮುಗಿದುಹೋಗಿತ್ತು. ಎರಡು ಹಾಲಿನ ಕ್ಯಾನು ನೇತುಹಾಕಿ, ಸೀರೆಯ ನೆರಿಗೆ ಸಿಕ್ಕಿಸಿ, ಹಿಂದೆ ನೋಡದೆ ಹೊರಟೇಬಿಟ್ಟಳು. ಲಾಭ ಗೇಟು ದಾಟುವಾಗ ಹಾಲಸ್ವಾಮಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಧೂಳು ಎಂದ.

ಮಧ್ಯಾಹ್ನ ಪಾಷಾ ಲಗೇಜ್ ಆಟೋ ತಂದ. ಗುಡುಗು ಮತ್ತು ಕೋಳಿಗೂಡು ಅವನ ಪಾಲು. ಕೋಳಿಗೂಡನ್ನು ಆಟೋಗೆ ಏರಿಸುವ ಮುಂಚೆ ಹಾಲಸ್ವಾಮಿ ಅಭ್ಯಾಸಬಲದಿಂದ ಹ್ಯಾಂಡಲ್ ಹಿಡಿದು ಒಮ್ಮೆ ಅಲ್ಲಾಡಿಸಿದ. ಒಳಗೆ ಗಡಗಡ ಎಂದು ಸದ್ದಾಯಿತು. ಅವನ ಮುಖ ಅರಳಿತು. "ನೋಡು, ಹೆಂಗೆ ಅನ್ತೈತೆ."

"ಹಾಲಣ್ಣ," ಎಂದ ಪಾಷಾ, ಹಣೆ ಹಿಡಿದುಕೊಂಡು. "ಗಡಗಡ ಅಂದ್ರೆ ಕೊಬ್ಬರಿ ಒಳ್ಳೇದು. ಗಾಡಿ ಗಡಗಡ ಅಂದ್ರೆ ಖೇಲ್ ಖತಂ."

ಕೆಂಪು ಹೇಟೆಯನ್ನು ಮೊಟ್ಟೆ ಸಮೇತ ಸುವರ್ಣಮ್ಮ ಬುಟ್ಟಿಗೆ ದಾಟಿಸಿದಳು. ಆಟೋ ಹೊರಟದ್ದೇ ತಡ, ಕೋಳಿ ಬುಟ್ಟಿಯಿಂದ ಹಾರಿ, ರೆಕ್ಕೆ ಬಿಚ್ಚಿ, ಬೈಯುತ್ತಾ ಗೇಟಿನ ತನಕ ಅದರ ಹಿಂದೆ ಓಡಿತು. ಹಾಲಸ್ವಾಮಿ ಜಗಲಿಯ ಕಂಬ ಹಿಡಿದು ನಿಂತೇ ಇದ್ದ. ಅವನಿಗೆ ಕೋಳಿಯ ಮೇಲೆ ಹೊಟ್ಟೆಕಿಚ್ಚಾಯಿತು. ಅದು ಹಿಂದೆ ಓಡಿದರೆ ಯಾರೂ ನಗುವುದಿಲ್ಲ.

ಆ ಸಂಜೆ ಅಟ್ಟದ ಕೆಳಗೆ ನಾಲ್ಕು ಎಣ್ಣೆಕಲೆ ಮಾತ್ರ ಉಳಿದಿದ್ದವು. ಅವನು ನಡುವೆ ನಿಂತು ನಾಳೆ ಎಜ್ಡಿಯನ್ನು ಎಲ್ಲಿ ನಿಲ್ಲಿಸುವುದು ಎಂದು ಹೆಜ್ಜೆ ಹಾಕಿ ಅಳೆದ. ಈ ಕಡೆ ಮುಖ ಮಾಡಿದರೆ ಬೆಳಗಿನ ಬಿಸಿಲು ಟ್ಯಾಂಕಿನ ಮೇಲೆ ಬೀಳುತ್ತದೆ. ಆ ಕಡೆ ಮಾಡಿದರೆ ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ. ಬಹಳ ಯೋಚಿಸಿ ಅಡ್ಡಡ್ಡ ನಿಲ್ಲಿಸುವುದೆಂದು ತೀರ್ಮಾನಿಸಿದ. ನಾಲ್ಕರ ಜಾಗವನ್ನೂ ಅದೊಂದೇ ತಗೊಳ್ಳಲಿ. ಹಕ್ಕಿದೆ ಅದಕ್ಕೆ.

ಭಾನುವಾರ ಹಾಲಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಧರಿಸಿ, ಒಂದು ಬಟ್ಟೆಚೀಲ ಹಿಡಿದು ಪಾಷಾನ ಲಗೇಜ್ ಆಟೋದಲ್ಲಿ ಕೂತ. ಹೆಣ್ಣು ನೋಡಲು ಹೋಗುವಾಗಲೂ ಅವನು ಇಷ್ಟು ಸಿಂಗಾರ ಮಾಡಿಕೊಂಡಿರಲಿಲ್ಲ; ಇದನ್ನು ಸುವರ್ಣಮ್ಮನೇ ಗೇಟಿನಲ್ಲಿ ನಿಂತು ಹೇಳಿದಳು. ತಿಪಟೂರು ದಾಟಿ, ಚಿಕ್ಕನಾಯಕನಹಳ್ಳಿ ದಾಟಿ, ಕಂದಿಕೆರೆ ಹತ್ತಿರವಾಗುತ್ತಿದ್ದಂತೆ ಪಾಷಾ ಆಟೋ ನಿಧಾನ ಮಾಡಿದ.

"ಹಾಲಣ್ಣ, ಒಂದೇ ಮಾತು. ಮಾತು ಕೊಡು. ಅಲ್ಲಿ ಗಾಡಿ ಒದೀಬೇಡ. ಸುಮ್ನೆ ತಳ್ಕೊಂಡು ಆಟೋಗೆ ಹಾಕನ. ಮನೆಗೋಗಿ ಎಷ್ಟು ಬೇಕಾದ್ರೂ ಒದಿ."

"ಯಾಕೆ?"

"ಮೂರು ವರ್ಷದಿಂದ ಸ್ಟಾರ್ಟ್ ಆಗಿಲ್ಲ ಅಂತ ಆಯಮ್ಮ ಕೊಡ್ತಿರೋದು. ಸತ್ತಿದೆ ಅಂದ್ಕೊಂಡವ್ರೆ. ಓಡೋ ಗಾಡಿ ಯಾರು ಮಾರ್ತಾರೆ?"

"ಒದಿಯಲ್ಲ."

"ಆ ಚೀಲದಲ್ಲಿ ಏನೈತೆ?"

"ಏನಿಲ್ಲ. ಬಾಳೆಹಣ್ಣು."

ಗಾಡಿಯ ಈಗಿನ ಒಡತಿ ಚಿಕ್ಕಗೌರಮ್ಮ ಎಪ್ಪತ್ತು ದಾಟಿದ ಹೆಂಗಸು. ಜಗಲಿಯಲ್ಲಿ ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟು, ನೊಣವಿನಕೆರೆಯಲ್ಲಿ ಯಾರ ಮನೆ, ತೋಟ ಎಷ್ಟು, ಮಕ್ಕಳೆಷ್ಟು ಎಂದು ವಿಚಾರಿಸಿದಳು. ಆಮೇಲೆ ಎದ್ದು ಜಗಲಿಯ ಮೂಲೆಯಲ್ಲಿದ್ದ ಹೂವಿನ ದುಪ್ಪಟಿ ಸರಿಸಿದಳು.

ಕಡುಗೆಂಪು ಬಣ್ಣ ಸ್ವಲ್ಪ ಮಾಸಿತ್ತು. ಜೋಡಿ ಸೈಲೆನ್ಸರಿನ ಹೊಳಪು ಹೋಗಿತ್ತು. ಟೂಲ್ ಬಾಕ್ಸಿನ ಮೇಲೆ ಕರಟದ ಹಿಡಿ ಮಾತ್ರ ಇಪ್ಪತ್ತೆರಡು ವರ್ಷ ಯಾರದೋ ಬೆರಳು ಸವರಿ ಸವರಿ ಕರೀ ಕಲ್ಲಿನಂತೆ ಮಿಂಚುತ್ತಿತ್ತು. ಹಾಲಸ್ವಾಮಿ ಹೆಬ್ಬೆರಳು ಅದರ ಮೇಲಿಟ್ಟ. ಅಲ್ಲಿಗೆ ಅವನ ಮಾತು ನಿಂತಿತು. ಪಾಷಾ ಅದನ್ನು ಒಳ್ಳೆಯ ಲಕ್ಷಣ ಎಂದುಕೊಂಡ.

"ನಮ್ಮ ಮೇಷ್ಟ್ರುದು," ಎಂದಳು ಚಿಕ್ಕಗೌರಮ್ಮ. "ಸ್ಕೂಲಿಂದ ಇದ್ರಲ್ಲೇ ಬರೋರು. ರಿಟೈರ್ ಆದ್ಮೇಲೂ ಬುಡ್ಲಿಲ್ಲ, ಸಂಜೆ ಸುಮ್ನೆ ಕೆರೆ ತನಕ ಹೋಗಿ ಐದೂವರೆಗೆ ಬರೋರು. ಇದರ ಸದ್ದು ತಿರುವಿನಲ್ಲಿ ಕೇಳಿದ್ರೆ ನಾನು ಕಾಫಿಗೆ ಇಡ್ತಿದ್ದೆ. ಅವ್ರು ಹೋಗಿ ಮೂರು ವರ್ಷ ಆಯ್ತು. ಈಗ ಕಾಫಿ ಯಾವಾಗ ಇಡ್ಬೇಕು ಅನ್ನೋದೇ ಗೊತ್ತಾಗಲ್ಲ ನೋಡು."

ಅವಳು ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಸವರಿದಳು.

"ಅಳಿಯ ಬಂದು ಒದ್ದ, ಊರವರೆಲ್ಲ ಬಂದು ಒದ್ರು. ಒದ್ದೋರಿಗೆ ಕಾಲು ನೋವು ಬಂತು, ಇದು ಮಾತ್ರ ಉಸಿರು ಬುಡ್ಲಿಲ್ಲ. ಸುಮ್ನೆ ಮೂಲೇಲಿ ನಿಂತಿದ್ರೆ ನೋಡಕ್ಕೆ ಸಂಕಟ. ನಿಂದೇ ಗಾಡಿ ಅಂತೆ. ತಕ್ಕೊಂಡೋಗಪ್ಪ."

ಪಾಷಾ ಎದ್ದು ನಿಂತ. ಹಗ್ಗ ತೆಗೆದ. ಇಲ್ಲಿಗೆ ಕತೆ ಮುಗಿಯಬೇಕಿತ್ತು, ಮತ್ತು ಬಹಳ ಸುಖವಾಗಿ ಮುಗಿಯುತ್ತಿತ್ತು.

"ಒದೆಯೋದಲ್ಲ ಅಮ್ಮ ಇದನ್ನ," ಎಂದ ಹಾಲಸ್ವಾಮಿ.

"ಹಾಲಣ್ಣ," ಎಂದ ಪಾಷಾ.

"ಇದಕ್ಕೊಂದು ವರಸೆ ಐತೆ. ಗೊತ್ತಿಲ್ದೋರು ಒದ್ರೆ ಇದು ಮುನಿಸ್ಕೊಳ್ತದೆ."

"ಹಾಲಣ್ಣ, ಬಾಳೆಹಣ್ಣು ತಿನ್ನು."

ಹಾಲಸ್ವಾಮಿ ಚೀಲ ಬಿಚ್ಚಿದ. ಒಳಗೆ ಬಾಳೆಹಣ್ಣು ಇರಲಿಲ್ಲ. ಎಣ್ಣೆ ಬೆರೆಸಿದ ಪೆಟ್ರೋಲಿನ ಬಾಟಲಿ ಇತ್ತು. ಹಳೆ ಬನಿಯನ್ನಿನ ತುಂಡು, ಎರಡು ಸ್ಪ್ಯಾನರು, ಉಪ್ಪುಕಾಗದ ಇತ್ತು. ಅಂಗಿಯ ಜೇಬಿನಿಂದ, ಬೇರೆಯವರು ಪೆನ್ನು ಇಡುವ ಕಡೆಯಿಂದ, ಹೊಸ ಸ್ಪಾರ್ಕ್ ಪ್ಲಗ್ಗು ಬಂತು. ಪಾಷಾ ಹಗ್ಗದ ಸಮೇತ ಕೆಳಗೆ ಕೂತ.

ಮುಕ್ಕಾಲು ಗಂಟೆ ಆ ಜಗಲಿಯಲ್ಲಿ ಒಂದು ಶಸ್ತ್ರಚಿಕಿತ್ಸೆ ನಡೆಯಿತು. ಹಳೆ ಪೆಟ್ರೋಲು ಹೊರಗೆ ಚೆಲ್ಲಿತು, ಕಾರ್ಬ್ಯುರೇಟರು ಕಳಚಿ ಚಾಪೆಯ ಮೇಲೆ ಬಂತು, ಊದಿಸಿಕೊಂಡಿತು, ಒರೆಸಿಕೊಂಡಿತು, ಮತ್ತೆ ಸೇರಿತು. ಬಿಳಿ ಅಂಗಿಯ ತೋಳು ಕಪ್ಪಾಯಿತು. ವಿಭೂತಿ ಬೆವರಿಗೆ ಕರಗಿ ಮೂಗಿನ ತುದಿಗೆ ಇಳಿಯಿತು. ಅವನಿಗೆ ಯಾವುದರ ಪರಿವೆಯೂ ಇರಲಿಲ್ಲ. ಕೈಗಳು ತಾವಾಗಿಯೇ ದಾರಿ ಹುಡುಕಿಕೊಂಡು ಹೋಗುತ್ತಿದ್ದವು; ಐವತ್ತನಾಲ್ಕರ ಕೈಯಲ್ಲ, ಮೂವತ್ತರ ಕೈ. ಪಾಷಾನಿಗೂ ಕೊನೆಗೆ ತಡೆಯಲಾಗಲಿಲ್ಲ. "ಆ ಸ್ಕ್ರೂ ಅಲ್ಲ ಮಾರಾಯ, ಪಕ್ಕದ್ದು," ಎಂದು ತಾನೂ ಬಗ್ಗಿದ.

ಹಾಲಸ್ವಾಮಿ ಗಾಡಿಯನ್ನು ಎಡಕ್ಕೆ ವಾಲಿಸಿದ, ಒಂದು ಎಣಿಕೆ ಹಿಡಿದ, ನೇರ ಮಾಡಿದ. ಲಾಭ, ಎಂದು ಒದ್ದ. ಏನೂ ಇಲ್ಲ. ಎರಡು. ಕೆಮ್ಮಿತು. ಮೂರು.

ಎಜ್ಡಿ ಮಾತಾಡಿತು.

ಜೋಡಿ ಸೈಲೆನ್ಸರಿನ ಆ ಸದ್ದು, ಮೊ‍ದಲು ಗೊರಗೊರ, ಆಮೇಲೆ ತುಂಬಿದ ಗಂಟಲಿನ ಡುಗುಡುಗು, ಜಗಲಿ ತುಂಬಿ, ಬೀದಿ ತುಂಬಿ, ಎದುರುಮನೆಯ ಹೆಂಚಿನ ಮೇಲಿದ್ದ ಪಾರಿವಾಳಗಳನ್ನೆಲ್ಲ ಎಬ್ಬಿಸಿತು. ಒದೆಯುವ ಕಡ್ಡಿಯೇ ಒಳಗೆ ಮಡಚಿಕೊಂಡು ಗೇರಿನ ಕಡ್ಡಿಯಾಗುವ ಗಾಡಿ ಅದು. ಹಾಲಸ್ವಾಮಿಯ ಕಾಲು ಕೇಳದೆಯೇ ಆ ಕೆಲಸ ಮಾಡಿ ಮುಗಿಸಿತ್ತು. "ಒಂದ್ ಸುತ್ತು ಅಮ್ಮ?" ಎಂದ. ಚಿಕ್ಕಗೌರಮ್ಮ ತಲೆಯಾಡಿಸಿದಳೋ ಇಲ್ಲವೋ, ಅವನು ಕೆರೆಯ ದಾರಿಯಲ್ಲಿದ್ದ.

ಆ ಒಂದು ಸುತ್ತಿನಲ್ಲಿ ಹಾಲಸ್ವಾಮಿಗೆ ತೊಲೆಗಳೂ ಇರಲಿಲ್ಲ, ಅಟ್ಟವೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಒಂದೇ ಕಡೆ ಕಾಲು ಹಾಕಿ ಕೂತು ಭುಜ ಹಿಡಿದಂತಿತ್ತು. "ರೀ, ಚಪ್ಪಲಿ ಬಿತ್ತು, ನಿಲ್ಸ್ರೀ," ಎಂದಂತಿತ್ತು. ಈ ಸಲ ಅವನು ನಿಲ್ಲಿಸಿದ. ಕೆರೆಯ ಏರಿಯ ಮೇಲೆ, ಎಂಜಿನ್ ಆರಿಸದೆ, ಸುಮ್ಮನೆ ಒಂದು ಗಳಿಗೆ ನಿಂತು ಹಿಂದಕ್ಕೆ ನೋಡಿದ. ಆಮೇಲೆ ತಿರುಗಿಸಿಕೊಂಡು ಬಂದ.

ತಿರುವಿನಿಂದ ಬರುವಾಗ ಜಗಲಿಯಲ್ಲಿ ಪಾಷಾ ಒಬ್ಬನೇ ಇದ್ದ. ಗಲ್ಲಕ್ಕೆ ಕೈಕೊಟ್ಟು ಕೂತಿದ್ದ.

"ಅಮ್ಮ ಎಲ್ಲಿ?"

ಪಾಷಾ ಬಾಗಿಲ ಕಡೆ ಕತ್ತು ತಿರುಗಿಸಿದ. "ಸದ್ದು ಕೇಳಿ ಕಾಫಿಗೆ ಇಡಕ್ಕೆ ಹೋದ್ರು. ಅಲ್ಲಿಗೆ ಮುಗೀತು, ಹಾಲಣ್ಣ."

ಚಿಕ್ಕಗೌರಮ್ಮ ಮೂರು ಲೋಟ ಕಾಫಿ ತಂದಳು. ಕಣ್ಣು ಸೆರಗಿನಿಂದ ಒರೆಸಿಕೊಂಡಿದ್ದಳು, ಮುಖ ಮಾತ್ರ ಹಬ್ಬದ ಮುಖ. ಲೋಟ ಅವನ ಕಪ್ಪು ಕೈಗೆ ಕೊಟ್ಟು ಹೇಳಿದಳು.

"ಕೊಡಲ್ಲ ಕಣಪ್ಪ."

"ಅಮ್ಮ..."

"ಉಸಿರು ನಿಂತೈತೆ ಅಂತ ಕಳಿಸಕ್ಕೆ ಒಪ್ಪಿದ್ದೆ. ಉಸಿರಾಡ್ತಾ ಇರೋದನ್ನ ಹೆಂಗಪ್ಪ ಕಳಿಸ್ಲಿ? ನೀನೇ ಹೇಳು. ನೀನಾದ್ರೆ ಕಳಿಸ್ತೀಯಾ?"

ಹಾಲಸ್ವಾಮಿಯ ಬಳಿ ಉತ್ತರವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಕಳಿಸಿದ್ದೆ ಅನ್ನುವುದೇ ಆ ಉತ್ತರ. ಅದನ್ನು ಕಾಫಿಯ ಜೊತೆ ನುಂಗಿದ. ಕಾಫಿ ಬಹಳ ಚೆನ್ನಾಗಿತ್ತು. ಅದು ಇನ್ನೊಂದು ಸಂಕಟ.

ಅವನ ಮುಖ ನೋಡಿ ಚಿಕ್ಕಗೌರಮ್ಮನಿಗೆ ಏನನ್ನಿಸಿತೋ. "ಬರಿಗೈಲಿ ಕಳಿಸಲ್ಲ ಬುಡು," ಎಂದಳು. "ಗಾಡಿ ಕೊಡಲ್ಲ, ಕೊಸರು ಕೊಡ್ತೀನಿ. ವಾರಕ್ಕೊಂದು ಸಲ ಬಾ. ಭಾನುವಾರ. ಶುರು ಮಾಡ್ಕೊಂಡು ಕೆರೆ ತನಕ ಹೋಗಿ, ಸರಿಯಾಗಿ ಐದೂವರೆಗೆ ಆ ತಿರುವಿಂದ ಬಾ. ಕಾಫಿ ಕುಡ್ಕಂಡು ಹೋಗು."

ಆಟೋ ಖಾಲಿಯಾಗಿ ಗಡಗಡ ಎನ್ನುತ್ತಾ ಹಿಂದಕ್ಕೆ ಬಂತು. ದಾರಿಯುದ್ದಕ್ಕೂ ಪಾಷಾ ಒಂದೇ ಒಂದು ಸಲ ಬಾಯಿ ಬಿಟ್ಟ. "ಗುಡುಗನ್ನ ವಾಪಸ್ ಕೊಡನ ಅಂದ್ರೆ, ನಿನ್ನೆ ಸಂಜೇನೇ ಹೋಯ್ತು. ತುಮಕೂರಿನೋರು ತಗೊಂಡೋದ್ರು." ಹಾಲಸ್ವಾಮಿ ತಲೆಯಾಡಿಸಿದ.

ಮನೆಯ ಅಟ್ಟದ ಕೆಳಗೆ ನಾಲ್ಕು ಎಣ್ಣೆಕಲೆಗಳನ್ನೂ ಉಜ್ಜಿ ತೊಳೆದಾಗಿತ್ತು. ನಡುವೆ ರಂಗೋಲಿ. ಪಕ್ಕದಲ್ಲಿ ತಟ್ಟೆ, ಅರಿಸಿನ ಕುಂಕುಮ, ಚಕ್ರದ ಕೆಳಗೆ ಇಡಲು ಎರಡು ನಿಂಬೆಹಣ್ಣು. ಕೆಂಪು ಹೇಟೆ ರಂಗೋಲಿಯ ಮೇಲೆ ನಿಂತು ತನ್ನ ಮನೆ ಎಲ್ಲಿ ಎಂದು ಹುಡುಕುತ್ತಿತ್ತು. ಜೀವಿತಾ ಫೋನು ಹಿಡಿದು ಸಿದ್ಧವಾಗಿದ್ದವಳು ಅಪ್ಪನ ಮುಖ ನೋಡಿ ಅದನ್ನು ಮೆಲ್ಲಗೆ ಕೆಳಗಿಳಿಸಿದಳು.

ಹಾಲಸ್ವಾಮಿ ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದ. ಒಂದು ಮಾತನ್ನೂ ಮುಚ್ಚಿಡಲಿಲ್ಲ, ಬಾಳೆಹಣ್ಣನ್ನೂ. ಹೇಳಿ ಮುಗಿಸಿ, ಬರಲಿರುವ ಮಂಗಳಾರತಿಗೆ ತಲೆ ಬಗ್ಗಿಸಿ ನಿಂತ.

ಸುವರ್ಣಮ್ಮ ನಿಂಬೆಹಣ್ಣು ಎತ್ತಿ ತಟ್ಟೆಗಿಟ್ಟಳು.

"ಎಷ್ಟನೇ ಒದೆಗೆ ಶುರುವಾಯ್ತು?"

"ಮೂರನೇದಕ್ಕೆ."

"ಸದ್ದು?"

"ಅದೇ ಸದ್ದು ಕಣೇ."

ಅವಳು ತಲೆಯೆತ್ತಿ ಅಟ್ಟದ ತೊಲೆಗಳ ಕಡೆ ನೋಡಿದಳು. ಅವಳಿಗೂ ಅಲ್ಲಿ ಚಕ್ರ ಕಾಣುತ್ತದೆಂದು ಇಷ್ಟು ವರ್ಷದಲ್ಲಿ ಹಾಲಸ್ವಾಮಿಗೆ ಹೊಳೆದೇ ಇರಲಿಲ್ಲ.

"ಮುಂದಿನ ಭಾನುವಾರ ನಾನೂ ಬತ್ತೀನಿ," ಎಂದಳು. "ನನ್ನ ಚಪ್ಪಲಿ ಬೀಳ್ಸಿದ ಗಾಡಿ. ಒಂದ್ ಸುತ್ತು ನಂಗೂ ಬರಬೇಕು. ಈ ಸಲ ಚಪ್ಪಲಿ ಮನೇಲೇ ಬಿಟ್ಟು ಬತ್ತೀನಿ."

ಹಾಲಸ್ವಾಮಿಗೆ ಒಮ್ಮೆಲೇ ಮೂವತ್ತು ವಯಸ್ಸಾಯಿತು. "ಹೋಗನ. ಮಧ್ಯಾಹ್ನ ಊಟ ಮಾಡ್ಕೊಂಡೇ ಹೊರಡನ," ಎಂದವನು, ಗಾಡಿಯ ಬೀಗದಕೈ ಇರುತ್ತಿದ್ದ ಮೊಳೆಯ ಕಡೆ ಕೈ ಚಾಚಿ, ಬರಿ ಮೊಳೆ ಮುಟ್ಟಿ ನಿಂತ. "ಹೋಗೋದು ಹೆಂಗೆ?"

"ಬಸ್ಸಲ್ಲಿ. ಇಲ್ಲಿಂದ ತಿಪಟೂರು, ತಿಪಟೂರಿಂದ ಚಿಕ್ಕನಾಯಕನಹಳ್ಳಿ, ಅಲ್ಲಿಂದ ಕಂದಿಕೆರೆ. ಸರ್ಕಾರಿ ಬಸ್ಸಾದ್ರೆ ನಂಗೆ ಫ್ರೀ. ಟಿಕೆಟ್ಟು ನಿಮಗೊಬ್ರಿಗೆ."

"ಬಸ್‌ಸ್ಟಾಪ್ ತನಕ ಎರಡು ಕಿಲೋಮೀಟರು ಐತಲ್ಲೇ."

"ಕೆಂಪಕ್ಕನಿಗೆ ಹೇಳ್ತೀನಿ. ಮೊಪೆಡ್ಡಲ್ಲಿ ಬುಡ್ತಾಳೆ."

"ಮೂರು ಜನ ಹಿಡೀತದಾ ಅದ್ರಲ್ಲಿ?"

"ಹಿಡಿಯೋದು ಇಬ್ರೇ. ಅವಳು ಲಾಭ, ನಾನು ಎರಡು," ಎಂದು ಸುವರ್ಣಮ್ಮ ತಟ್ಟೆ ಹಿಡಿದು ಒಳಗೆ ನಡೆದಳು. "ನೀವು ಕೊಸರು ಕಣ್ರೀ. ಒಂದು ಗಂಟೆ ಮುಂಚೆ ಹೊರಟು ನಡ್ಕೊಂಡು ಬನ್ನಿ."